‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಎರಡನೆಯ ಸೀಸನ್: ಶುರುಮಾಡುವ ಮುನ್ನ ಇದನ್ನು ಓದಿ

‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಅನಿಮೆಯ (ಜಪಾನಿ ಅನಿಮೇಷನ್ ಸರಣಿಯ) ಮೊದಲ ಸೀಸನ್ ನೋಡಿ ಮುಗಿಸಿ, ಆ ಮಕ್ಕಳ ಕಥೆ ಮುಂದೇನಾಯಿತೆಂದು ತಿಳಿಯುವ ಆತುರದಲ್ಲಿ ಎರಡನೆಯ ಸೀಸನ್ನಿಗೆ ಕೈಹಾಕಲಿರುವವರನ್ನು ತಡೆಯುವುದಷ್ಟೇ ಈ ಬರಹದ ಉದ್ದೇಶ. 2021ರ ಜನವರಿಯಿಂದ ಮಾರ್ಚ್‌ವರೆಗೆ ಪ್ರಸಾರವಾದ ಅದರ 11 ಕಂತುಗಳನ್ನೂ ನಾನು ನೋಡಿದ್ದೇನೆ. ಮೊದಮೊದಲು ಉತ್ಸಾಹದಿಂದ, ಆಮೇಲೆ ಸಂಶಯದಿಂದ, ಕೊನೆಗೆ ಹೇಗಾದರೂ ಮುಗಿಸಿಬಿಡಬೇಕೆಂಬ ಹಟದಿಂದ. ಎರಡೂ ಸೀಸನ್ನುಗಳ ಹಾಗೂ ಮೂಲ ಮಂಗಾದ (ಜಪಾನಿ ಚಿತ್ರಕಥೆಯ) ಮುಖ್ಯ ತಿರುವುಗಳನ್ನು ಹೇಳದೆ ಈ ಎಚ್ಚರಿಕೆಗೆ ಅರ್ಥ ಬರುವುದಿಲ್ಲವಾದ್ದರಿಂದ, ಮೊದಲ ಸೀಸನ್ನನ್ನೇ ಇನ್ನೂ ನೋಡದವರು ಇಲ್ಲಿಗೆ ನಿಲ್ಲಿಸಿ ಅದನ್ನು ನೋಡಿಕೊಂಡು ಬರುವುದು ಒಳ್ಳೆಯದು. ಆ 12 ಕಂತುಗಳ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಕಾಯು ಶಿರಾಯಿ ಕಥೆ ಬರೆದು ಪೊಸುಕಾ ದೆಮಿಜು ಚಿತ್ರ ಬರೆದ ಈ ಮಂಗಾ ಜಪಾನಿನ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ 2016ರ ಆಗಸ್ಟ್‌ನಿಂದ 2020ರ ಜೂನ್‌ವರೆಗೆ ಧಾರಾವಾಹಿಯಾಗಿ ಬಂದು, 181 ಅಧ್ಯಾಯಗಳಲ್ಲಿ ಮುಗಿಯಿತು. 2018ರಲ್ಲಿ ಶೋನೆನ್ (ಹುಡುಗರಿಗಾಗಿನ) ವಿಭಾಗದ ಶೋಗಾಕುಕಾನ್ ಪ್ರಶಸ್ತಿಯೂ ಇದಕ್ಕೆ ಸಂದಿತು. 2019ರ ಮೊದಲ ಸೀಸನ್ ಇದರ ಮೊದಲ 37 ಅಧ್ಯಾಯಗಳನ್ನು 12 ಕಂತುಗಳಲ್ಲಿ ಹೇಳಿತು. ಉಳಿದ 144 ಅಧ್ಯಾಯಗಳ ಕಥೆಗೆ ಎರಡನೆಯ ಸೀಸನ್ ಕೊಟ್ಟಿದ್ದು 11 ಕಂತುಗಳನ್ನು. ಈ ಲೆಕ್ಕ ಮುಂಚೆಯೇ ಗೊತ್ತಿದ್ದವರಿಗೆ ಏನಾಗಲಿದೆ ಎಂಬ ಸುಳಿವು ಸಿಕ್ಕಿರಬಹುದು; ಆದರೆ ಕತ್ತರಿ ಎಲ್ಲೆಲ್ಲಿ ಬಿದ್ದಿತೆಂಬುದನ್ನು ನೋಡಿದರೆ ದೋಷ ಕೇವಲ ಅವಸರದ್ದಲ್ಲ ಎಂದು ತಿಳಿಯುತ್ತದೆ.

ಮೊದಲ ಸೀಸನ್ನನ್ನು ನಾವು ಉಸಿರು ಬಿಗಿಹಿಡಿದು ನೋಡಿದ್ದು ಅದರಲ್ಲಿ ರಾಕ್ಷಸರಿದ್ದರೆಂಬ ಕಾರಣಕ್ಕಲ್ಲ. ಗ್ರೇಸ್ ಫೀಲ್ಡ್ ಎಂಬುದು ಅನಾಥಾಲಯದ ಸೋಗಿನಲ್ಲಿ ರಾಕ್ಷಸರ ಆಹಾರಕ್ಕಾಗಿ ಮಕ್ಕಳನ್ನು ಸಾಕುವ ಫಾರ್ಮು; ಆ ಮಕ್ಕಳು ಇಡುವ ಪ್ರತಿಯೊಂದು ಹೆಜ್ಜೆಗೂ ಅಲ್ಲಿ ಬೆಲೆ ತೆರಬೇಕಿತ್ತು. ಗೋಡೆಯನ್ನು ನೋಡಲು ಹೋದ ಎಮ್ಮಾಳ ಕಾಲನ್ನು ಅಲ್ಲಿನ ‘ಮಾಮಾ’ (ಸಾಕುತಾಯಿ) ಇಸಾಬೆಲ್ಲಾ ಮುರಿಯುತ್ತಾಳೆ. ಗೆಳೆಯರನ್ನು ಉಳಿಸಲು ರೇ ವರ್ಷಗಟ್ಟಲೆ ಆ ಇಸಾಬೆಲ್ಲಾಳ ಬೇಹುಗಾರನಾಗಿ ಬದುಕಿ, ಉಳಿದ ಮಕ್ಕಳ ಸಾವಿಗೆ ಮೌನ ಸಾಕ್ಷಿಯಾಗುತ್ತಾನೆ. ತಪ್ಪಿಸಿಕೊಳ್ಳುವ ದಾರಿಯನ್ನು ಕಂಡುಕೊಂಡ ನಾರ್ಮನ್ ತಾನು ಮಾತ್ರ ಆ ದಾರಿಯಲ್ಲಿ ಹೋಗಲಾಗದೆ, ಸೂಟ್‌ಕೇಸ್ ಹಿಡಿದು ಗೇಟಿನತ್ತ ನಡೆಯುತ್ತಾನೆ. ಕೊನೆಗೆ ಎಮ್ಮಾ ತನ್ನ ಕಿವಿಯನ್ನೇ ಕೊಯ್ದುಕೊಳ್ಳುತ್ತಾಳೆ. ಇಷ್ಟೆಲ್ಲ ಆದ ಮೇಲೂ ಹೊರಗೆ ಬರುವುದು 15 ಮಕ್ಕಳು ಮಾತ್ರ. ನಾಲ್ಕು ವರ್ಷದ ಫಿಲ್ ಮತ್ತು ಅವನಂಥ ಎಳೆಯರು, ಮತ್ತೆ ಬರುತ್ತೇವೆಂಬ ಮಾತನ್ನು ನಂಬಿ, ಅದೇ ಮನೆಯಲ್ಲಿ ಉಳಿಯುತ್ತಾರೆ. ಹನ್ನೊಂದು ವರ್ಷದ ಮಕ್ಕಳ ಬುದ್ಧಿವಂತಿಕೆಯನ್ನು ನಾವು ನಂಬಿದ್ದು ಅವರು ಸೋತಾಗ ಏನು ಕಳೆದುಕೊಳ್ಳುತ್ತಾರೆಂಬುದು ಕಣ್ಣಮುಂದಿದ್ದ ಕಾರಣದಿಂದ. ಎರಡನೆಯ ಸೀಸನ್ನಿನಲ್ಲಿ ಬಹುತೇಕ ಎಲ್ಲವೂ ಪುಕ್ಕಟೆಯಾಗಿ ಸಿಗುತ್ತದೆ. ನನ್ನ ದೂರಿನ ತಿರುಳು ಇಷ್ಟೇ. ಮುಂದೆ ಹೇಳುವುದೆಲ್ಲ ಅದರ ವಿವರ.

ಆರಂಭ ಕೆಟ್ಟದ್ದಾಗಿಲ್ಲ ಎಂಬುದೇ ದೊಡ್ಡ ಮೋಸ. ಕಾಡಿನಲ್ಲಿ ಓಡುವ ಮಕ್ಕಳು, ಮನುಷ್ಯರನ್ನು ತಿನ್ನದ ರಾಕ್ಷಸರಾದ ಸೊಂಜು ಮತ್ತು ಮುಜಿಕಾ, ಬೇಟೆಯನ್ನು ಕೊಲ್ಲುವಾಗ ಅದರ ಎದೆಗೆ ಹೂವನ್ನು ಚುಚ್ಚುವ ಆಚರಣೆ ಇವೆಲ್ಲ ಮೊದಲ ಸೀಸನ್ನಿನ ಗಾಂಭೀರ್ಯವನ್ನೇ ಮುಂದುವರಿಸುತ್ತವೆ. ತಾನೂ ಬದುಕಲು ಇನ್ನೊಂದು ಜೀವವನ್ನು ಕೊಲ್ಲಬೇಕೆಂದು ಎಮ್ಮಾ ಅರಿಯುವ ದೃಶ್ಯವನ್ನು ನಾನು ಈಗಲೂ ಮೆಚ್ಚುತ್ತೇನೆ. ಅಲ್ಲಿಂದ ಮಕ್ಕಳು ಮಿನರ್ವಾ ಎಂಬಾತ ಸೂಚಿಸಿದ ನೆಲಮಾಳಿಗೆಯ ಆಶ್ರಯತಾಣವನ್ನು ತಲುಪುತ್ತಾರೆ. ಕಥೆ ದಾರಿ ತಪ್ಪಿದ್ದು ಅಲ್ಲಿ.

ಮಂಗಾದಲ್ಲಿ ಆ ಆಶ್ರಯತಾಣ ಖಾಲಿಯಾಗಿರುವುದಿಲ್ಲ. 13 ವರ್ಷಗಳ ಹಿಂದೆ ಬೇರೊಂದು ಫಾರ್ಮಿನಿಂದ ತಪ್ಪಿಸಿಕೊಂಡು ಬಂದು, ತನ್ನ ಜೊತೆಗಾರರೆಲ್ಲರನ್ನೂ ಕಳೆದುಕೊಂಡು, ಒಂಟಿತನದಿಂದ ಅರೆಹುಚ್ಚನಂತಾಗಿರುವ ಯೂಗೋ ಎಂಬ ದೊಡ್ಡವನೊಬ್ಬ ಅಲ್ಲಿ ಇರುತ್ತಾನೆ. ಮಕ್ಕಳಿಗೆ ಅವನು ಮೊದಲು ಶತ್ರು, ಆಮೇಲೆ ಹೊರೆ, ಬಹಳ ತಡವಾಗಿ ತಂದೆಯಂಥವನು. ಎಮ್ಮಾ ಸೋತರೆ ಹೇಗಿರುತ್ತಾಳೆಂಬುದರ ಜೀವಂತ ಉದಾಹರಣೆಯೇ ಅವನು. ಆದ್ದರಿಂದಲೇ ಅವರಿಬ್ಬರ ಜಗಳಕ್ಕೆ ಅಷ್ಟು ತೂಕ. ಅನಿಮೆಯಲ್ಲಿ ಯೂಗೋ ಇಲ್ಲವೇ ಇಲ್ಲ. ಗೋಡೆಯ ಮೇಲೆ ಯಾರೋ ಹತಾಶರಾಗಿ ಬರೆದ ಬರಹವನ್ನು ಮಾತ್ರ ಉಳಿಸಿಕೊಂಡು, ಬರೆದವನನ್ನೇ ಕಥೆಯಿಂದ ಹೊರಗೆ ಹಾಕಲಾಗಿದೆ. ಮಂಗಾ ಓದದವರಿಗೆ ಅದು ಉತ್ತರವಿಲ್ಲದ ಒಗಟು, ಓದಿದವರಿಗೆ ಗಾಯದ ಮೇಲೆ ಉಪ್ಪು.

ಯೂಗೋನ ಜೊತೆಗೆ ಹೋದದ್ದು ಗೋಲ್ಡಿ ಪಾಂಡ್ ಎಂಬ ಇಡೀ ಭಾಗ. ರಾಕ್ಷಸ ಶ್ರೀಮಂತರು ಮನುಷ್ಯರ ಮಕ್ಕಳನ್ನು ಬಿಟ್ಟು ಬೇಟೆಯಾಡಲೆಂದೇ ಕಟ್ಟಿಕೊಂಡ ಗುಪ್ತ ಕ್ರೀಡಾವನ ಅದು. ಅಲ್ಲಿ ಎಮ್ಮಾ ಸಿಕ್ಕಿಬೀಳುತ್ತಾಳೆ, ಬೇರೆ ಫಾರ್ಮುಗಳ ಮಕ್ಕಳ ಜೊತೆ ಸೇರಿ ದಂಗೆ ಕಟ್ಟುತ್ತಾಳೆ, ಲ್ಯೂವಿಸ್ ಎಂಬ ರಾಕ್ಷಸನನ್ನು ಎದುರಿಸಿ ಸಾವಿನ ಬಾಗಿಲವರೆಗೂ ಹೋಗಿಬರುತ್ತಾಳೆ. ಹೊಡೆದಾಟ ತಪ್ಪಿಹೋಯಿತೆಂಬುದು ನನ್ನ ಕೊರಗಲ್ಲ. ಶೋನೆನ್‌ನಲ್ಲಿ ಹೊಡೆದಾಟಕ್ಕೇನೂ ಬರವಿಲ್ಲ. ತನ್ನ ಕಣ್ಣೆದುರಿಗೇ ಮಕ್ಕಳನ್ನು ಮೋಜಿಗಾಗಿ ಕೊಂದ ರಾಕ್ಷಸರ ವಿರುದ್ಧ ಆಯುಧ ಹಿಡಿದು, ಅವರ ಸಾವನ್ನು ಕಂಡು ಬಂದ ಎಮ್ಮಾ, ಮುಂದೊಂದು ದಿನ ‘ರಾಕ್ಷಸ ಕುಲವನ್ನೇ ನಾಶಮಾಡುವುದು ನನಗೆ ಬೇಡ’ ಎಂದಾಗ ಆ ಮಾತಿನ ಹಿಂದೆ ಒಂದು ಅನುಭವ ಇರುತ್ತದೆ. ಅನಿಮೆಯ ಎಮ್ಮಾ ಅದೇ ಮಾತನ್ನು ಆಡುತ್ತಾಳೆ, ಆದರೆ ಅವಳು ಕಂಡ ರಾಕ್ಷಸರಲ್ಲಿ ನೆನಪಿನಲ್ಲಿ ಉಳಿಯುವಂಥವರು ಹೆಚ್ಚಾಗಿ ಒಳ್ಳೆಯವರೇ. ಪರೀಕ್ಷೆಗೆ ಒಳಗಾಗದ ದಯೆ ಬರೀ ಸ್ವಭಾವವಾಗಿ ಉಳಿಯುತ್ತದೆ. ಮೊದಲ ಸೀಸನ್ನಿನಲ್ಲಿ ಎಲ್ಲರನ್ನೂ ಕರೆದೊಯ್ಯುತ್ತೇನೆಂದು ಹಟ ಹಿಡಿದು, ಕೊನೆಗೆ ಎಳೆಯರನ್ನು ಬಿಟ್ಟುಹೋಗುವ ಕಠಿಣ ತೀರ್ಮಾನಕ್ಕೂ ಬಂದ ಆ ಹುಡುಗಿ, ಇಲ್ಲಿ ಸಂದರ್ಭ ಬಂದಾಗಲೆಲ್ಲ ಕಣ್ಣರಳಿಸಿ ಒಳ್ಳೆಯ ಮಾತಾಡುವ ಪಾತ್ರವಾಗಿ ಸಪ್ಪೆಯಾಗಿದ್ದಾಳೆ.

ನಾರ್ಮನ್‌ನಿಗೆ ಆದ ಅನ್ಯಾಯ ಇನ್ನೂ ದೊಡ್ಡದು. ಅವನು ಸತ್ತನೆಂದು ಮೊದಲ ಸೀಸನ್ನಿನಲ್ಲಿ ನಾವು ಮರುಗಿದ್ದೆವು. ಅವನು ಬದುಕಿದ್ದಾನೆಂಬ ಸಂಗತಿಯನ್ನು ಮಂಗಾ ಬಹಳ ದಿನ ಕಾಯಿಸಿ, ಓದುಗರು ಬೇರೆ ಲೋಕದಲ್ಲಿ ಪೂರ್ತಿ ಮುಳುಗಿದ ಮೇಲೆ, ತೆರೆದಿಡುತ್ತದೆ. ಇಲ್ಲಿ ಆಶ್ರಯತಾಣದ ಮೇಲೆ ದಾಳಿ ನಡೆದು, ಸುಮಾರು ಒಂದು ವರ್ಷ ಸದ್ದಿಲ್ಲದೆ ಕಳೆದುಹೋಗಿ, ಐದನೆಯ ಕಂತಿನ ಕೊನೆಗೆ ಅವನು ಎದುರಿಗೇ ಬಂದು ನಿಲ್ಲುತ್ತಾನೆ. ಲ್ಯಾಂಬ್ಡಾ ಎಂಬ ಪ್ರಯೋಗಶಾಲೆಯಲ್ಲಿ ಏನೇನು ಅನುಭವಿಸಿದನೆಂಬುದನ್ನು ಅವನು ಬಾಯಲ್ಲಿ ಹೇಳುತ್ತಾನೆ, ನಾವು ಕಿವಿಯಲ್ಲಿ ಕೇಳುತ್ತೇವೆ. ರಾಕ್ಷಸರೆಲ್ಲರನ್ನೂ ವಿಷದಿಂದ ಅಳಿಸಿಹಾಕುವ ಯೋಜನೆಯನ್ನು ಅವನು ಬಿಚ್ಚಿಡುವುದಕ್ಕೂ, ಅದನ್ನು ಕೈಬಿಟ್ಟು ಕಣ್ಣೀರಿಡುವುದಕ್ಕೂ ನಡುವೆ ಇರುವುದು ಕೆಲವೇ ಕಂತುಗಳ ಅಂತರ. ಕೈಬಿಡಲು ಕಾರಣವೇನು? ಹಳ್ಳಿಯೊಂದರಲ್ಲಿ ಎದುರಾದ ರಾಕ್ಷಸ ಬಾಲಕಿಯ ಹೆಸರೂ ಎಮ್ಮಾ ಎಂದಿರುವುದು. ಇಡೀ ಕುಲದ ಸಂಹಾರಕ್ಕೆ ಹೊರಟವನ ಮನಸ್ಸನ್ನು ತಿರುಗಿಸಲು ಬರೆಯುವವರಿಗೆ ಇದಕ್ಕಿಂತ ಸುಲಭದ ಉಪಾಯ ಹೊಳೆಯಲಿಲ್ಲವೇ ಎಂದು ಅಂದು ಬೇಸರಪಟ್ಟಿದ್ದೆ. ಮಂಗಾದ ನಾರ್ಮನ್ ರಾಜಧಾನಿಯವರೆಗೂ ಹೋಗಿ ಕೈಯನ್ನು ರಕ್ತದಲ್ಲಿ ಅದ್ದಿಕೊಂಡ ಮೇಲೆ ಗೆಳೆಯರ ಮುಂದೆ ಕುಸಿಯುತ್ತಾನೆ. ಆಗ ಎಮ್ಮಾಳ ಕ್ಷಮೆ ಓದುಗನಿಗೂ ಕಷ್ಟದ ಪ್ರಶ್ನೆಯಾಗುತ್ತದೆ. ಅನಿಮೆ ಆ ಪ್ರಶ್ನೆಯೇ ಹುಟ್ಟದಂತೆ ಮೊದಲೇ ಬಾಗಿಲು ಹಾಕಿಕೊಂಡಿದೆ.

ರೇ ಬಗ್ಗೆ ಹೇಳಲು ಹೆಚ್ಚೇನೂ ಉಳಿದಿಲ್ಲ, ಏಕೆಂದರೆ ಅವನಿಗೆ ಮಾಡಲು ಏನೂ ಉಳಿದಿಲ್ಲ. ಡಾನ್ ಮತ್ತು ಗಿಲ್ಡಾ ಗುಂಪಿನ ಚಿತ್ರ ತುಂಬಲು ಇದ್ದಾರೆ.

ಕಥೆಗೆ ಬಾಗಿಲು ಬೇಕಾದಾಗಲೆಲ್ಲ ಬೀಗದ ಕೈ ತಾನಾಗಿಯೇ ಬಂದು ಕೈಸೇರುವುದು ಈ ಸೀಸನ್ನಿನ ಇನ್ನೊಂದು ಲಕ್ಷಣ. ಮಕ್ಕಳು ತಂಗಿರುವ ಪಾಳು ಗುಡಿಗೆ ಪ್ರಾರ್ಥನೆಗೆ ಬರುತ್ತಿದ್ದ ಕುರುಡು ಮುದುಕ ರಾಕ್ಷಸನೇ ಆ ಎಮ್ಮಾ ಎಂಬ ಬಾಲಕಿಯ ಅಜ್ಜ. ಮನುಷ್ಯರನ್ನು ತಿನ್ನದೆಯೂ ರಾಕ್ಷಸರನ್ನು ಬದುಕಿಸಬಲ್ಲ ಮುಜಿಕಾಳ ರಕ್ತದಿಂದ ಉಳಿದುಕೊಂಡವನೂ ಅವನೇ. ಮಕ್ಕಳಿಗೆ ದಾರಿ ತೋರಿಸುವ ಮಿನರ್ವಾನ ಪೆನ್ನಿಗೆ ಬೇಕಾದ, ಅಷ್ಟೂ ಸಮಸ್ಯೆಗಳ ಪರಿಹಾರವನ್ನು ತೋರಿಸಬಲ್ಲ ತುಣುಕು ಇರುವುದೂ ಅವನ ಬಳಿಯೇ. ಮೊದಲ ಸೀಸನ್ನಿನಲ್ಲಿ ಅದೇ ಪೆನ್ನು ಮಕ್ಕಳ ಕೈಗೆ ಬರಲು ಇಸಾಬೆಲ್ಲಾಳ ಸಹಾಯಕಿ ಸಿಸ್ಟರ್ ಕ್ರೋನ್ ಪ್ರಾಣ ಕೊಡಬೇಕಾಯಿತೆಂಬುದನ್ನು ನೆನಪಿಸಿಕೊಂಡರೆ ಎರಡು ಸೀಸನ್ನುಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ.

ಇನ್ನು ಇಸಾಬೆಲ್ಲಾ. ಕಳೆದ ಹತ್ತು ಹದಿನೈದು ವರ್ಷಗಳ ಶೋನೆನ್ ಅನಿಮೆಗಳಲ್ಲಿ ಅವಳಂಥ ಖಳಪಾತ್ರ ಅಪರೂಪ ಎಂದೇ ನನ್ನ ಅಭಿಪ್ರಾಯ. ತಾನೂ ಒಮ್ಮೆ ಅದೇ ಗೋಡೆ ಹತ್ತಿ ಕೆಳಗಿನ ಪ್ರಪಾತ ಕಂಡು ಹಿಂದಿರುಗಿದವಳು. ಹೆತ್ತ ಮಗ ರೇಯನ್ನೇ ಕಟುಕರಿಗೆ ಸಾಕುತ್ತಿದ್ದವಳು. ಮಕ್ಕಳು ಹೋದ ಮೇಲೆ ಅವರು ಬಳಸಿದ ಹಗ್ಗವನ್ನು ತಾನೇ ಬಿಚ್ಚಿಟ್ಟು ಮನಸ್ಸಿನಲ್ಲೇ ಹರಸಿದವಳು. ಎರಡನೆಯ ಸೀಸನ್ ಅವಳಿಗೆ ಸೆರೆಮನೆಯಲ್ಲಿ ಒಂದು ಆಮಿಷ ಒಡ್ಡಿ, ಮಕ್ಕಳನ್ನು ಬೇಟೆಯಾಡಲು ಅವಳು ಬರಬಹುದೆಂಬ ನಿರೀಕ್ಷೆ ಹುಟ್ಟಿಸಿ, ಮುಂದೆ ಬಹುಪಾಲು ಮರೆತುಬಿಡುತ್ತದೆ. ಕೊನೆಗೆ ಫಾರ್ಮುಗಳನ್ನು ನಡೆಸುವ ಪೀಟರ್ ರಾಟ್ರಿಯ ಎದುರು ಎಲ್ಲ ‘ಮಾಮಾ’ಗಳೂ ಒಟ್ಟಾಗಿ ತಿರುಗಿಬೀಳುವಾಗ ಅವಳು ಮಕ್ಕಳ ಪಕ್ಷದಲ್ಲಿ ನಿಂತಿರುತ್ತಾಳೆ. ಮಂಗಾದಲ್ಲೂ ಅವಳು ಪಕ್ಷ ಬದಲಿಸುತ್ತಾಳೆ ನಿಜ. ಆದರೆ ಎಮ್ಮಾಳನ್ನು ಕಾಪಾಡಲು ಹೋಗಿ ರಾಕ್ಷಸನ ಉಗುರಿಗೆ ಸಿಕ್ಕಿ ಸಾಯುತ್ತಾಳೆ. ಅಷ್ಟೊಂದು ಮಕ್ಕಳನ್ನು ನಗುನಗುತ್ತಾ ಸಾವಿಗೆ ಕಳಿಸಿದವಳಿಗೆ ಕ್ಷಮೆ ಎಂಬುದು ಇರುವುದಾದರೆ ಅದು ಹೇಗಿರಬೇಕೆಂದು ಆ ಅಧ್ಯಾಯ ಯೋಚಿಸುವಂತೆ ಮಾಡುತ್ತದೆ. ಅನಿಮೆಯ ಇಸಾಬೆಲ್ಲಾ ಮಕ್ಕಳ ಜೊತೆ ಮನುಷ್ಯಲೋಕಕ್ಕೆ ಹೊರಟುಬಿಡುತ್ತಾಳೆ, ಯಾರೂ ಅವಳನ್ನು ಏನೂ ಕೇಳುವುದಿಲ್ಲ.

ಹನ್ನೊಂದನೆಯ ಕಂತಿನ ಕೊನೆಯ ನಿಮಿಷಗಳನ್ನು ನೋಡದಿದ್ದವರು ನಂಬುವುದು ಕಷ್ಟ. ಎಮ್ಮಾ ಮತ್ತು ಕೆಲವರು ರಾಕ್ಷಸಲೋಕದಲ್ಲಿ ಉಳಿದು ಅದನ್ನು ಬದಲಿಸುವುದು, ಉಳಿದ ಫಾರ್ಮುಗಳ ಬಿಡುಗಡೆ, ರಾಜಧಾನಿಯ ಸಂಘರ್ಷ, ರಾಕ್ಷಸರ ದೇವರ ಜೊತೆ ಎಮ್ಮಾ ಮಾಡಿಕೊಳ್ಳುವ ಹೊಸ ಒಪ್ಪಂದ, ಹೀಗೆ ಮಂಗಾದಲ್ಲಿ ಸಂಪುಟಗಳನ್ನೇ ತುಂಬಿರುವ ಸಂಗತಿಗಳು ಮಾತಿಲ್ಲದ ನಿಶ್ಚಲ ಚಿತ್ರಗಳ ಸಾಲಾಗಿ, ಸಂಗೀತದೊಡನೆ, ಒಂದಾದ ಮೇಲೊಂದು ಸರಿದುಹೋಗುತ್ತವೆ. ಇಡೀ ರಾತ್ರಿಯ ಯಕ್ಷಗಾನವೆಂದು ಕರೆದು ಕೂರಿಸಿ, ಪ್ರಸಂಗದ ನಡುವಿನಲ್ಲೇ ಭಾಗವತರು ಮಂಗಳ ಹಾಡಿ ಎದ್ದುಹೋದರೆ ಹೇಗಿರುತ್ತದೋ ಹಾಗಿತ್ತು. ಮಂಗಾ ಓದದ ಗೆಳೆಯರೊಬ್ಬರು ಆ ಚಿತ್ರಗಳನ್ನು ಮುಂದಿನ ಸೀಸನ್ನಿನ ಜಾಹೀರಾತೆಂದೇ ತಿಳಿದಿದ್ದರು. ಅವರ ತಪ್ಪೇನೂ ಇಲ್ಲ. ಮುಖ್ಯವಾದ ಕಳವು ನಡೆದಿರುವುದು ಆ ಒಪ್ಪಂದದಲ್ಲಿ. ಮಂಗಾದಲ್ಲಿ ಎಮ್ಮಾ ಅದಕ್ಕೆ ತೆರುವ ಬೆಲೆ ಅವಳ ಕುಟುಂಬವೇ: ಎಲ್ಲರೂ ಮನುಷ್ಯಲೋಕ ತಲುಪಿದರೂ ಅವಳು ಮಾತ್ರ ನೆನಪುಗಳನ್ನು ಕಳೆದುಕೊಂಡು ಬೇರೆಲ್ಲೋ ಬೀಳುತ್ತಾಳೆ, ಉಳಿದವರು ಎರಡು ವರ್ಷ ಅವಳನ್ನು ಹುಡುಕುತ್ತಾರೆ, ಸಿಕ್ಕಾಗ ಅವಳಿಗೆ ಅವರ ಗುರುತೇ ಇರುವುದಿಲ್ಲ. ಅನಿಮೆಯ ಎಮ್ಮಾ ನಗುತ್ತಾ ವಾಪಸಾಗುತ್ತಾಳೆ.

ಇದಕ್ಕೆಲ್ಲ ಯಾರು ಕಾರಣರೆಂದು ತೀರ್ಮಾನ ಕೊಡುವುದು ನನ್ನ ಕೆಲಸವಲ್ಲ. ಎರಡೂ ಸೀಸನ್ನುಗಳ ನಿರ್ದೇಶಕರು ಮಾಮೊರು ಕಾನ್‌ಬೆಯವರೇ, ಸ್ಟುಡಿಯೋ ಕ್ಲೋವರ್‌ವರ್ಕ್ಸ್ ಕೂಡ ಅದೇ. ಆದ್ದರಿಂದ ಕೈ ಬದಲಾದ್ದರಿಂದ ರುಚಿ ಕೆಟ್ಟಿತೆನ್ನುವ ಹಾಗಿಲ್ಲ. ಕೋವಿಡ್ ಕಾರಣದಿಂದ 2020ರ ಅಕ್ಟೋಬರ್‌ನಲ್ಲಿ ಬರಬೇಕಿದ್ದ ಸೀಸನ್ ಮುಂದಿನ ಜನವರಿಗೆ ಹೋಯಿತು. ಕಥಾ ಸಂಯೋಜನೆಯಲ್ಲಿ ಮೂಲ ಲೇಖಕ ಶಿರಾಯಿಯವರ ಹೆಸರೂ ಮೊದಲು ಇತ್ತು, ಕೊನೆಯ ಕಂತುಗಳಲ್ಲಿ ಅದು ಕಾಣಲಿಲ್ಲ. ಮಂಗಾ ಆಗಲೇ ಮುಗಿದಿದ್ದರಿಂದ ಅಂತ್ಯ ಗೊತ್ತಿರಲಿಲ್ಲವೆಂಬ ನೆಪಕ್ಕೂ ಅವಕಾಶವಿಲ್ಲ.

ಮೂಲದಿಂದ ದೂರ ಸರಿದದ್ದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಮೊದಲ ಸೀಸನ್ನೂ ಪಾತ್ರಗಳ ಮನದೊಳಗಿನ ಮಾತುಗಳನ್ನು ತೆಗೆದುಹಾಕಿ, ಆ ಕೆಲಸವನ್ನು ಕ್ಯಾಮೆರಾದ ಕೋನಕ್ಕೂ ಮೌನಕ್ಕೂ ವಹಿಸಿತ್ತು. ಅದು ಗೆದ್ದ ಬದಲಾವಣೆ. ಮಂಗಾದ ಕೊನೆಯ ಭಾಗವೂ ಅಲ್ಲಲ್ಲಿ ಅವಸರದ್ದೇ, ಕೆಲವು ಪರಿಹಾರಗಳು ಅಲ್ಲಿಯೂ ಸಲೀಸಾಗಿ ಬರುತ್ತವೆ. ಆದರೂ ಅಲ್ಲಿ ಪಾತ್ರಗಳು ಮೈಮುಟ್ಟಿ ನೋಯುತ್ತವೆ.

ಹಾಗಾದರೆ ಏನು ಮಾಡಬೇಕೆಂದು ಕೇಳುವವರಿಗೆ: ಮೊದಲ ಸೀಸನ್ ನಿಂತಲ್ಲಿಂದ ಮಂಗಾದ 38ನೆಯ ಅಧ್ಯಾಯ ಶುರುವಾಗುತ್ತದೆ, ಅದು ಐದನೆಯ ಸಂಪುಟದಲ್ಲಿದೆ. ಒಟ್ಟು 20 ಸಂಪುಟಗಳಿದ್ದು, ಎಲ್ಲವೂ ಇಂಗ್ಲಿಷಿನಲ್ಲಿ ಲಭ್ಯ ಇವೆ. ದೆಮಿಜು ಅವರ ಚಿತ್ರಗಳ ಸೂಕ್ಷ್ಮತೆಗಾಗಿ ದೊಡ್ಡ ಪರದೆಯಲ್ಲಿ ಅಥವಾ ಮುದ್ರಿತ ಪ್ರತಿಯಲ್ಲಿ ಓದಿ. ಎರಡನೆಯ ಸೀಸನ್ನನ್ನು ಈಗಾಗಲೇ ನೋಡಿ, ಕಥೆಯೇ ಇಷ್ಟು ಎಂದುಕೊಂಡು ಬಿಟ್ಟವರು ಇಪ್ಪತ್ತನ್ನೂ ಓದುವಷ್ಟು ತಾಳ್ಮೆ ಇಲ್ಲದಿದ್ದರೆ, ಗೋಲ್ಡಿ ಪಾಂಡ್ ಇರುವ ಎಂಟರಿಂದ ಹನ್ನೊಂದನೆಯ ಸಂಪುಟಗಳನ್ನಾದರೂ ಓದಬಹುದು. ಯೂಗೋನ ಪರಿಚಯಕ್ಕಾಗಿ ಅದಕ್ಕೆ ಮೊದಲಿನ ಎರಡು ಸಂಪುಟಗಳನ್ನೂ ಸೇರಿಸಿಕೊಳ್ಳಿ.