‘ಏಂಜೆಲ್’ ಕೊಳ್ಳುವ ಮುನ್ನ ಯಾವ ನೀರಿನದೆಂದು ಕೇಳಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆಯಲ್ಲಿ ಅಕ್ವೇರಿಯಂ ಇಟ್ಟವರು ದಯವಿಟ್ಟು ಗಮನಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳುಹಿಸಿ ಅಲಂಕಾರಿಕ ಮೀನು ಮಾರುವ ವ್ಯಾಪಾರಿಯೊಬ್ಬರು ನನಗೆ ಒಂದು ಏಂಜೆಲ್ ಮರಿಯನ್ನು ದಾಟಿಸಿದರು. ‘ನಿಮ್ಮ ತೊಟ್ಟಿಯಲ್ಲಿ ಇರುವುದರ ಜಾತಿಯೇ, ಸಿಹಿನೀರಿಗೆ ಒಗ್ಗಿಸಿಯೇ ತಂದಿದ್ದೇನೆ’ ಎಂದರು. ಮತ್ತೆ ಕೇಳಿದಾಗಲೂ ಅದೇ ಮಾತು. ಕಡುನೀಲಿ ಮೈಮೇಲೆ ಒಂದರೊಳಗೊಂದು ಬಿಳಿ ಬಳೆ ಇಟ್ಟಂತಹ ಗೆರೆಗಳು. ಚೆಲುವೇನೋ ಹೌದು, ಬೆಲೆಯೂ ಅದಕ್ಕೆ ತಕ್ಕಂತೆಯೇ ಇತ್ತು.

ತೊಟ್ಟಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಅದು ಮೂಲೆ ಹಿಡಿಯಿತು. ಕಿವಿರು ಬಡಿದುಕೊಳ್ಳುತ್ತಿತ್ತು, ಮೈ ವಾಲಿತು. ಎತ್ತಲು ಹೋದರೆ ಕೆನ್ನೆಯ ಮುಳ್ಳು ಬಲೆಗೆ ಸಿಕ್ಕಿಕೊಂಡು, ಬಿಡಿಸುವಷ್ಟರಲ್ಲಿ ಉಸಿರೇ ನಿಂತಿತ್ತು. ದೋಣಿಗೆ ಹೋಗುವ ಪಕ್ಕದ ಮನೆಯವರು ನೋಡಿದವರೇ, ‘ಇದು ಸಮುದ್ರದ್ದು ಮಾರಾಯರೇ, ನಲ್ಲಿ ನೀರಿಗೆ ಬಿಡಲು ಯಾರು ಹೇಳಿದರು?’ ಎಂದರು. ಮೀನು ಬಂದ ಚೀಲದಲ್ಲಿ ಉಳಿದಿದ್ದ ನೀರಿಗೆ ಹೈಡ್ರೋಮೀಟರ್ (ಸಾಂದ್ರತೆಯಿಂದ ನೀರಿನ ಉಪ್ಪನ್ನು ಅಳೆಯುವ ಸಾಧನ) ಇಳಿಸಿದೆ: 1.020ರ ಮೇಲೆ. ಸಿಹಿನೀರಾದರೆ 1.000ರ ಆಸುಪಾಸಿನಲ್ಲಿರಬೇಕು. ಒಗ್ಗಿಸಿದ್ದು ಎಂಬುದು ಹಸಿ ಸುಳ್ಳು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ, ಉದ್ದ ರೆಕ್ಕೆಯ ಚಪ್ಪಟೆ ಏಂಜೆಲ್ ದಕ್ಷಿಣ ಅಮೆರಿಕದ ಅಮೆಜಾನ್ ನದಿ ಪ್ರದೇಶದ್ದು. ವೈಜ್ಞಾನಿಕ ಹೆಸರು ಟೆರೋಫಿಲಂ, ಸಿಕ್ಲಿಡ್ ಕುಟುಂಬದ್ದು. ನನಗೆ ಕೊಟ್ಟದ್ದು ಎಂಪರರ್ ಏಂಜೆಲ್‌ನ ಮರಿ, ಪೊಮಕ್ಯಾಂಥಿಡೇ ಕುಟುಂಬದ್ದು, ಹವಳದ ದಿಬ್ಬಗಳಲ್ಲಿ ವಾಸಿಸುವಂಥದ್ದು. ಆ ಕೆನ್ನೆಯ ಮುಳ್ಳೇ ಈ ಕುಟುಂಬದ ಗುರುತು. ಈ ಬಳಗದ ಮೀನುಗಳನ್ನು ಮುರ್ಡೇಶ್ವರದಾಚೆ ನೇತ್ರಾಣಿಯಲ್ಲಿ ಡೈವಿಂಗ್ ಮಾಡಿದವರು ಕಂಡಿರುತ್ತಾರೆ. ಸಿಹಿನೀರಿನ ಏಂಜೆಲ್‌ಗೂ ಇದಕ್ಕೂ ಹತ್ತಿರದ ನಂಟಿಲ್ಲ. ಸಮುದ್ರದ ಮೀನನ್ನು ಸಿಹಿನೀರಿಗೆ ಬಿಟ್ಟರೆ ನೀರು ಮೈಯೊಳಗೆ ನುಗ್ಗುತ್ತದೆ, ಲವಣ ಹೊರಗೆ ಸೋರುತ್ತದೆ. ಅದಕ್ಕೆ ಮದ್ದಿಲ್ಲ. ಉಪ್ಪುನೀರಿನಲ್ಲೇ ಇಟ್ಟರೂ ಎಂಪರರ್ ಒಂದಡಿಗೂ ಮೀರಿ ಬೆಳೆಯುತ್ತದೆ. ಬೆಳೆದಾಗ ಬಳೆಗಳು ಹೋಗಿ ಹಳದಿ ಗೆರೆಗಳು ಬರುತ್ತವೆ. ಹೀಗಾಗಿ ಬೆಳೆದ ಮೀನಿನ ಫೋಟೊ ನೋಡಿ ಮರಿಯನ್ನು ಗುರುತಿಸುತ್ತೇನೆ ಎನ್ನುವುದೂ ಕಷ್ಟ.

ಹಣ ಕೇಳಿದರೆ ‘ಜೀವಂತ ಮಾಲಿಗೆ ಗ್ಯಾರಂಟಿ ಇಲ್ಲ’ ಎಂಬ ಉತ್ತರ. ಸತ್ತ ಮೀನಿನ ಫೋಟೊ ಕಳುಹಿಸಿದ ಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು.

ಏಂಜೆಲ್ ಕೊಳ್ಳುವುದಿದ್ದರೆ ವೈಜ್ಞಾನಿಕ ಹೆಸರನ್ನು ಬರೆದು ಕಳುಹಿಸಲು ಹೇಳಿ; ‘ಎಲ್ಲ ಒಂದೇ ಸಾರ್’ ಎಂದರೆ ಅಲ್ಲಿಗೇ ಬಿಡಿ. ಕೆನ್ನೆಯಲ್ಲಿ ಮುಳ್ಳಿದೆಯೇ ನೋಡಿ. ಮೀನನ್ನು ಬಿಡುವ ಮೊದಲು ಚೀಲದ ನೀರನ್ನು ಅಳೆಯಿರಿ, ಆ ನೀರನ್ನು ಚೆಲ್ಲದೆ ಇಟ್ಟುಕೊಳ್ಳಿ.