ಅಪರಾಧಶಾಸ್ತ್ರದ ಎಂ.ಎ.: ಓದಿಗೆ ಮೆಚ್ಚುಗೆ, ಉದ್ಯೋಗಕ್ಕೆ ಎಚ್ಚರಿಕೆ

ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ, ಅಂದರೆ ಕ್ರಿಮಿನಾಲಜಿಯ, ಸ್ನಾತಕೋತ್ತರ ಪದವಿ ಮುಗಿಸಿ, ಈಗ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ, ಅಂದರೆ ಅಪರಾಧದ ಆರೋಪ ಹೊತ್ತ, ಮಕ್ಕಳ ಪ್ರಕರಣಗಳಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಇದ್ದೇನೆ. ಬಿ.ಎ. ಮುಗಿಸುವ ಹಂತದಲ್ಲಿರುವ ವಿದ್ಯಾರ್ಥಿಗಳೂ ಅವರ ಮನೆಯವರೂ ಈ ಪದವಿಯ ಬಗ್ಗೆ ಆಗಾಗ ಕೇಳುತ್ತಿರುತ್ತಾರೆ. ಎರಡು ವರ್ಷ ಮತ್ತು ಒಂದಿಷ್ಟು ಹಣ ಕೊಟ್ಟು ಪಡೆಯುವ ಸೇವೆಯೆಂದೇ ಇದನ್ನು ಎಣಿಸಿ ವಿಮರ್ಶಿಸುವುದಾದರೆ, ನನ್ನ ಅಭಿಪ್ರಾಯ ಇಷ್ಟು: ಓದಾಗಿ ಇದು ಬಹಳ ಒಳ್ಳೆಯದು, ನೌಕರಿಯ ದಾರಿಯಾಗಿ, ಇದೊಂದನ್ನೇ ನಂಬಿಕೊಂಡರೆ, ಸಾಲದು.

ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲವೊಂದಿದೆ. ನಮ್ಮಲ್ಲಿ ಅಪರಾಧಶಾಸ್ತ್ರವನ್ನೂ ವಿಧಿವಿಜ್ಞಾನವನ್ನೂ, ಅಂದರೆ ಫೊರೆನ್ಸಿಕ್ ಸೈನ್ಸನ್ನೂ, ಒಂದೇ ಹೆಸರಿನಡಿ ಜೋಡಿಸುವ ರೂಢಿ ಹಳೆಯದು. 1959ರಲ್ಲಿ ಸಾಗರ ವಿಶ್ವವಿದ್ಯಾಲಯದಲ್ಲಿ, ಅಂದರೆ ಮಧ್ಯಪ್ರದೇಶದ ಸಾಗರದಲ್ಲಿ, ಆರಂಭವಾದ ವಿಭಾಗವೇ ಈ ಜೋಡಿ ಹೆಸರಿನದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವೂ, ಮಂಗಳೂರಿನ ರೋಶನಿ ನಿಲಯ ಕಾಲೇಜಿನ ವಿಭಾಗವೂ ಅದೇ ಜೋಡಿ ಹೆಸರನ್ನು ಹೊತ್ತಿವೆ. ಆದರೆ ಇವು ಬೇರೆ ಬೇರೆ ವಿದ್ಯೆಗಳು. ಅಪರಾಧ ಏಕೆ ನಡೆಯುತ್ತದೆ, ಯಾರನ್ನು ಅಪರಾಧಿಯೆಂದು ಕರೆಯುತ್ತೇವೆ, ಶಿಕ್ಷೆಯಿಂದ ಏನಾಗುತ್ತದೆ ಎಂಬುದು ಸಮಾಜಶಾಸ್ತ್ರ, ಮನಃಶಾಸ್ತ್ರ ಮತ್ತು ಕಾನೂನುಗಳಿಗೆ ಸೇರಿದ ಚರ್ಚೆ. ರಕ್ತದ ಕಲೆ, ವಿಷ, ಡಿಎನ್‌ಎ, ಗುಂಡಿನ ಗುರುತುಗಳು ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಭೌತಶಾಸ್ತ್ರಗಳ ಕೆಲಸ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ಇರುವ ಯುಜಿಸಿ-ನೆಟ್ ಪರೀಕ್ಷೆಯಲ್ಲಿಯೂ ಎರಡಕ್ಕೂ ಪ್ರತ್ಯೇಕ ವಿಷಯಗಳಿವೆ. ಟಿ.ವಿ. ಧಾರಾವಾಹಿ ನೋಡಿ ಬಿಳಿ ಕೋಟು, ಸೂಕ್ಷ್ಮದರ್ಶಕಗಳ ಆಸೆಯಿಂದ ಎಂ.ಎ.ಗೆ ಸೇರಿದವರು ಮೊದಲ ಸೆಮಿಸ್ಟರಿನಲ್ಲೇ ಮುಖ ಸಣ್ಣದು ಮಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ತರಗತಿಯ ವಿಚಾರಕ್ಕೆ ಬಂದರೆ, ಸಿದ್ಧಾಂತದ ಪತ್ರಿಕೆಗಳೇ ಈ ಪದವಿಯ ಗಟ್ಟಿ ಭಾಗ. 1764ರಲ್ಲಿ ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಅಪರಾಧವನ್ನು ತಡೆಯುತ್ತದೆಂದು ವಾದಿಸಿದ ಬೆಕಾರಿಯಾ, 1876ರಲ್ಲಿ ಹುಟ್ಟು ಅಪರಾಧಿಯನ್ನು ತಲೆಬುರುಡೆಯ ಆಕಾರದಲ್ಲಿ ಹುಡುಕಿದ ಇಟಲಿಯ ಲೊಂಬ್ರೋಸೊ, 1939ರಲ್ಲಿ ಬಿಳಿಕಾಲರಿನ ಅಪರಾಧವೆಂಬ ಹೆಸರಿಟ್ಟು ಕಂಪನಿಗಳ ಕಡೆಗೆ ಬೆರಳು ತೋರಿಸಿದ ಸದರ್ಲ್ಯಾಂಡ್ ಇವರೆಲ್ಲ ಕ್ರಮವಾಗಿ ಬರುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 1979ರಲ್ಲಿ ಕೊಹೆನ್ ಮತ್ತು ಫೆಲ್ಸನ್ ಮಂಡಿಸಿದ ದಿನಚರಿಯ ಸಿದ್ಧಾಂತ. ಮಾಡಲು ಮನಸ್ಸಿರುವವನು, ಕೈಗೆಟಕುವ ಗುರಿ, ಕಾಯುವವರ ಗೈರು ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂಡಿದಾಗ ಅಪರಾಧ ನಡೆಯುತ್ತದೆಂಬುದು ಅದರ ತಿರುಳು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಬೆಳಗಿನ ಜಾವ ಗೇಟಿನ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿರುವ ಮಹಿಳೆಯ ಕೊರಳಿನ ಸರವನ್ನು ಬೈಕಿನಲ್ಲಿ ಬಂದವರು ಕಿತ್ತೊಯ್ಯುವುದನ್ನು ಈ ಮೂರು ಮಾತುಗಳಲ್ಲಿ ಇಟ್ಟು ನೋಡಿದರೆ, ಗಸ್ತನ್ನು ಯಾವ ಹೊತ್ತಿಗೆ, ಯಾವ ಅಡ್ಡರಸ್ತೆಗೆ ಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಅಂಕಿಅಂಶಗಳ ಪತ್ರಿಕೆಯೂ ಹಾಗೆಯೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೂ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ಅತ್ಯಾಚಾರವೆಸಗಿ ಕೊಲೆ ಮಾಡಿದ ಪ್ರಕರಣ ಅತ್ಯಾಚಾರ ಪ್ರಕರಣಗಳ ಲೆಕ್ಕಕ್ಕೆ ಸೇರುವುದಿಲ್ಲ. ದೂರು ದಾಖಲಿಸಿಕೊಳ್ಳಲು ಹಿಂದೇಟು ಹಾಕದ ರಾಜ್ಯವೇ ಪಟ್ಟಿಯಲ್ಲಿ ಕೆಟ್ಟದಾಗಿ ಕಾಣಬಹುದು. ಇಷ್ಟನ್ನು ಕಲಿತವನಿಗೆ ವರ್ಷಕ್ಕೊಮ್ಮೆ ಪತ್ರಿಕೆಗಳು ಅಚ್ಚುಹಾಕುವ 'ಅಪರಾಧದಲ್ಲಿ ನಂಬರ್ ಒನ್' ಎಂಬ ತಲೆಬರಹವನ್ನು ಮೊದಲಿನಂತೆ ಓದುವುದು ಸಾಧ್ಯವಿಲ್ಲ.

ಪಠ್ಯಕ್ರಮದ ಬಗ್ಗೆ ನನ್ನ ದೊಡ್ಡ ತಕರಾರು ಇನ್ನೊಂದು ಕಡೆಯದು. ಲೊಂಬ್ರೋಸೊನ ತಲೆಬುರುಡೆಗಳಿಗೆ ವಾರಗಟ್ಟಲೆ ಮೀಸಲಿಡುವ ನಮ್ಮ ಪಠ್ಯ, 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಅರ್ಧ ಪುಟದಲ್ಲಿ ಮುಗಿಸಿತು. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಕಳ್ಳರೆಂದು ಬರೆದಿಟ್ಟ ಆ ಕಾಯ್ದೆಯ ನಂತರದ ರೂಪಗಳ ಅಡಿಯಲ್ಲಿ ಮುಂಬೈ ಪ್ರಾಂತ್ಯದ ಸರ್ಕಾರ ಬೇಲಿ ಹಾಕಿ ಜನರನ್ನು ಕೂಡಿಹಾಕಿದ ವಸಾಹತುಗಳು ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಇದ್ದವು. ಹುಬ್ಬಳ್ಳಿಯ ಆ ಪ್ರದೇಶವನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. 1952ರಲ್ಲಿ ಕಾಯ್ದೆ ರದ್ದಾದರೂ ರೂಢಿಗತ ಅಪರಾಧಿಗಳ ಕಾನೂನುಗಳ ರೂಪದಲ್ಲಿ ಅದರ ನೆರಳು ಉಳಿಯಿತು, ಮತ್ತು ಕಾರಾಗೃಹ ಕೈಪಿಡಿಗಳಲ್ಲಿದ್ದ ಅಂಥ ಉಲ್ಲೇಖಗಳನ್ನು ತೆಗೆದುಹಾಕಲು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಆದೇಶಿಸಬೇಕಾಯಿತು. ಕರ್ನಾಟಕದಲ್ಲಿ ಕುಳಿತು ಇಟಲಿಯ ತಲೆಬುರುಡೆಯನ್ನು ಅಳೆಯುವುದಕ್ಕಿಂತ ಇದನ್ನು ವಿವರವಾಗಿ ಓದಿಸುವುದು ಹೆಚ್ಚು ಫಲಕಾರಿಯೆಂದು ನನ್ನ ಖಚಿತ ಅಭಿಪ್ರಾಯ.

ಪ್ರಯೋಗಾಲಯದ ಭಾಗ ನಾನು ಓದಿದ ವಿಭಾಗದಲ್ಲಿ ಬಡವಾಗಿತ್ತು. ಬೆರಳಚ್ಚಿನ ಕಿಟ್ ಒಂದೇ. ಅದರ ಸುತ್ತ ತರಗತಿಯ ಅಷ್ಟೂ ಮಂದಿ ನಿಲ್ಲಬೇಕಿತ್ತು. ಗಾಜಿನ ಲೋಟದ ಮೇಲೆ ಕಪ್ಪು ಪುಡಿಯನ್ನು ಹಗುರವಾಗಿ ಉದುರಿಸಿ, ಗೆರೆಗಳು ಹರಿದ ದಿಕ್ಕಿನಲ್ಲಿಯೇ ಬ್ರಷ್ ಆಡಿಸಬೇಕು. ಸ್ವಲ್ಪ ಒತ್ತಿದರೂ, ಪುಡಿ ಸ್ವಲ್ಪ ಹೆಚ್ಚಾದರೂ ಗೆರೆಗಳ ನಡುವಿನ ಸಂದು ತುಂಬಿ ಇಡೀ ಗುರುತು ಒಂದು ಕಪ್ಪು ಮಚ್ಚೆಯಾಗುತ್ತದೆ. ಕೈ ಪಳಗಲು ಹತ್ತಾರು ಲೋಟ ಹಾಳಾಗಬೇಕು, ನಮ್ಮ ಪಾಲಿಗೆ ಬಂದದ್ದು ತಲಾ ಒಂದು. ಸೇರುವ ಮೊದಲು ವಿಭಾಗಕ್ಕೆ ಖುದ್ದಾಗಿ ಹೋಗಿ ಪ್ರಯೋಗಾಲಯದ ಬಾಗಿಲು ತೆರೆಸಿ ನೋಡುವುದು ಒಳ್ಳೆಯದು. ಹಾಗೆಯೇ ಕಾನೂನಿನ ಪತ್ರಿಕೆಯ ಟಿಪ್ಪಣಿಗಳನ್ನೂ ತಿರುವಿಹಾಕಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳು ಜಾರಿಯಲ್ಲಿವೆ. ಕೊಲೆಗೆ ಹಳೆಯ ದಂಡಸಂಹಿತೆಯ 302ನೆಯ ಕಲಮಿನ ಬದಲು ನ್ಯಾಯ ಸಂಹಿತೆಯ 103 ಎನ್ನದ ಟಿಪ್ಪಣಿ ಅರ್ಧ ಸತ್ತಂತೆ. ಅರ್ಧ ಎಂದೆ, ಏಕೆಂದರೆ ಆ ದಿನಾಂಕಕ್ಕಿಂತ ಮೊದಲು ನಡೆದ ಅಪರಾಧಗಳ ವಿಚಾರಣೆ ಹಳೆಯ ದಂಡಸಂಹಿತೆಯ ಅಡಿಯಲ್ಲಿಯೇ ಸಾಗುವುದರಿಂದ ಇನ್ನೂ ಹಲವು ವರ್ಷ ಎರಡನ್ನೂ ಬಲ್ಲವರು ಬೇಕಾಗುತ್ತಾರೆ.

ಕ್ಷೇತ್ರಕಾರ್ಯದ ತೂಕ ಮಾತ್ರ ಬೇರೆ. ಬಾಲನ್ಯಾಯ ಮಂಡಳಿಯ ಮುಂದೆ ಬರುವ ಪ್ರತಿ ಮಗುವಿನ ಕುರಿತು ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅದರ ನಮೂನೆಯಲ್ಲಿ ಕುಟುಂಬದ ಆದಾಯ, ಶಾಲೆ ಬಿಟ್ಟ ಕಾರಣ, ಗೆಳೆಯರು, ದುಶ್ಚಟಗಳು, ನೆರೆಹೊರೆಯವರ ಮಾತು ಎಲ್ಲಕ್ಕೂ ಅಂಕಣಗಳಿವೆ. 'ಶಾಲೆ ಬಿಟ್ಟ ಕಾರಣ' ಎಂಬಲ್ಲಿ 'ಆಸಕ್ತಿಯಿಲ್ಲ' ಎಂದು ಬರೆದು ಮುಂದಕ್ಕೆ ಹೋಗುವುದು ಸುಲಭ. ಹುಡುಗನ ಮನೆಗೆ ಹೋಗಿ ತಾಯಿಯೊಡನೆ ಕುಳಿತು ಕೇಳಿದರೆ, ಗಾರೆ ಕೆಲಸದ ಅಪ್ಪ ಬಿದ್ದು ಹಾಸಿಗೆ ಹಿಡಿದ ತಿಂಗಳಿಗೂ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರು ಹೊಡೆದುಹೋದ ತಿಂಗಳಿಗೂ ಇರುವ ನಂಟು ಹೊರಬೀಳುತ್ತದೆ. ಮಂಡಳಿಯ ತೀರ್ಮಾನ ಅನೇಕ ಸಲ ಆ ಒಂದು ಅಂಕಣದ ಮೇಲೆ ನಿಲ್ಲುವುದರಿಂದ, ಅದನ್ನು ಬರೆಯಲು ಕಲಿಸುವ ಪದವಿಗೆ ಬೆಲೆಯಿದೆ.

ಇನ್ನು ನೌಕರಿ. ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆ ವೈಜ್ಞಾನಿಕ ಹುದ್ದೆಗಳಿಗೆ ಕೇಳುವುದು ವಿಜ್ಞಾನದ ಪದವಿಯನ್ನು. ಕಲಾ ವಿಭಾಗದ ಎಂ.ಎ. ಅಲ್ಲಿ ನಡೆಯದು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಂ ವಿಧಿಸಿದ್ದು, ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದೆ. ಹೀಗಾಗಿ ಅಲ್ಲಿ ಬೇಡಿಕೆ ಏರುವುದು ನಿಜ, ಆದರೆ ಅದರ ಲಾಭ ಬಹುಪಾಲು ಎಂ.ಎಸ್ಸಿ. ಓದಿದವರಿಗೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ ಇಂಥವರಿಗೆ ಸೂಕ್ತ ಬಾಗಿಲು. ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು, ಅದಕ್ಕಾಗಿಯೇ ಎರಡು ವರ್ಷ ಕಳೆಯಬೇಕಿಲ್ಲ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಅಪರಾಧಶಾಸ್ತ್ರ ಇಲ್ಲವೆಂಬುದನ್ನೂ ಮೊದಲೇ ತಿಳಿದಿರಬೇಕು.

ನನಗೆ ಅತ್ಯಂತ ಕಹಿಯೆನಿಸಿದ ಸಂಗತಿ ಬಾಲನ್ಯಾಯ ಕಾಯ್ದೆಯ 4ನೆಯ ಕಲಮಿನದು. ಮಂಡಳಿಯ ಸಾಮಾಜಿಕ ಕಾರ್ಯಕರ್ತ ಸದಸ್ಯರಾಗಲು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಏಳು ವರ್ಷಗಳ ಅನುಭವ ಬೇಕು, ಇಲ್ಲವೇ ಮಕ್ಕಳ ಮನಃಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿಯೊಡನೆ ವೃತ್ತಿಯಲ್ಲಿರಬೇಕು. ಮಕ್ಕಳ ಅಪರಾಧವನ್ನೇ ಒಂದು ಪತ್ರಿಕೆಯಾಗಿ ಓದಿದ ನಮ್ಮ ವಿಷಯದ ಹೆಸರು ಆ ಪಟ್ಟಿಯಲ್ಲಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಹುದ್ದೆಗೂ ಎಲ್‌ಎಲ್.ಬಿ. ಬೇಕು, ಅದೂ ಗುತ್ತಿಗೆಯ ಮೇಲೆ. ಆದ್ದರಿಂದ ಈ ಎಂ.ಎ.ಯ ನಂತರ ಮೂರು ವರ್ಷದ ಎಲ್‌ಎಲ್.ಬಿ. ಮಾಡುವುದು ಹೆಚ್ಚುವರಿ ಶೋಕಿಯಲ್ಲ, ಅಗತ್ಯವೆಂದೇ ಹೇಳಬೇಕು. ಕಾನೂನಿನ ಕಡೆಗೆ ಒಲವಿಲ್ಲದವರು ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕಡೆ ನೋಡಬಹುದು. ಅಪರಾಧಶಾಸ್ತ್ರವನ್ನು ಸಮಾಜಕಾರ್ಯದೊಡನೆ ಬೆಸೆದಿರುವ ಆ ಸಂಸ್ಥೆಯ 'ಪ್ರಯಾಸ್' ಯೋಜನೆ 1990ರಿಂದ ಪೊಲೀಸ್ ಠಾಣೆ, ಜೈಲುಗಳಲ್ಲಿ ಕೆಲಸ ಮಾಡುತ್ತಿದೆ. ದೇಶದ ಕೈದಿಗಳಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರಾಗಿರುವಾಗ ಅಂಥ ಕೆಲಸಕ್ಕೆ ಕೈಗಳು ಯಾವಾಗಲೂ ಕಡಿಮೆಯೇ, ಸಂಬಳವೂ ಕಡಿಮೆಯೇ.

ಸಂಬಳ ನೋಡುವವರಿಗೆ ಬೆಂಗಳೂರಿನ ಖಾಸಗಿ ವಲಯ ತೆರೆದಿದೆ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಂತೆ ಬ್ಯಾಂಕುಗಳು ಅನುಮಾನಾಸ್ಪದ ವಹಿವಾಟುಗಳನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕಾದ್ದರಿಂದ, ಅವನ್ನು ಜರಡಿ ಹಿಡಿಯುವ ದೊಡ್ಡ ತಂಡಗಳಿವೆ. ನನ್ನ ಸಹಪಾಠಿಗಳಲ್ಲಿ ಕೆಲವರು ಅಲ್ಲಿಗೆ ಸೇರಿದರು. ಅಲ್ಲಿ ಅವರ ಎಂ.ಎ.ಗಿಂತ ಎಕ್ಸೆಲ್ ಮೇಲಿನ ಹಿಡಿತ, ಇಂಗ್ಲಿಷಿನಲ್ಲಿ ಚೊಕ್ಕವಾಗಿ ವರದಿ ಬರೆಯುವ ಅಭ್ಯಾಸ ಮೊದಲು ಕೆಲಸಕ್ಕೆ ಬಂದವು, ಸದರ್ಲ್ಯಾಂಡ್ ನಂತರ.

ದೂರಶಿಕ್ಷಣದಲ್ಲಿ ಇದೇ ಪದವಿ ಪಡೆಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಓದುವವರು ಯಾರೆಂಬುದರ ಮೇಲೆ ನಿಂತಿದೆ. ಹೊಸಬರಿಗೆ ಬೇಡ, ಏಕೆಂದರೆ ಈ ಪದವಿಯ ಅರ್ಧ ಬೆಲೆ ಇರುವ ಕ್ಷೇತ್ರಕಾರ್ಯವೇ ಅದರಲ್ಲಿ ಕೈತಪ್ಪುತ್ತದೆ. ಠಾಣೆ, ಕಾರಾಗೃಹ ಅಥವಾ ನ್ಯಾಯಾಲಯದಲ್ಲಿ ಈಗಾಗಲೇ ಸೇವೆಯಲ್ಲಿರುವವರು ಧಾರಾಳವಾಗಿ ಸೇರಬಹುದು; ಕ್ಷೇತ್ರ ಅವರ ಬಳಿಯೇ ಇದೆ, ಪಾಠದ ಕೊರತೆಯನ್ನಷ್ಟೇ ಪುಸ್ತಕ ತುಂಬಿದರಾಯಿತು.