ಬೇವಿನೆಣ್ಣೆ ತರುವ ಮೊದಲು ಬಾಟಲಿ ಹಿಂದೆ ಏನು ಬರೆದಿದೆ ನೋಡಿ

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಗದ್ದೆ. ಕೊಯ್ಲು ಮುಗಿದ ಮೇಲೆ ಸೌತೆ ಹಾಕಿದ್ದೆ. ಎರಡೆಲೆ ಬಂದದ್ದೇ ತಡ, ಕೆಂಪು ದುಂಬಿ ಶುರುವಾಯಿತು. ಎಲೆಯೆಲ್ಲ ಜರಡಿಯ ಹಾಗೆ ತೂತು.

ಪೇಟೆಯ ಒಂದು ಅಂಗಡಿಯಿಂದ "ಶುದ್ಧ ಬೇವಿನೆಣ್ಣೆ" ಅಂತ ಬರೆದ ಲೀಟರ್ ಬಾಟಲಿ ತಂದೆ. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಊರು ನಮ್ಮದು, ಹಾಗಾಗಿ ಬೇವು ಅಂದರೆ ಇಲ್ಲಿ ಯಾರೂ ಎರಡನೇ ಮಾತು ಕೇಳುವುದಿಲ್ಲ. ನಾನೂ ಕೇಳಲಿಲ್ಲ. "ನೀರಿಗೆ ಹಾಕಿ ಹೊಡೆಯಿರಿ, ಎರಡು ದಿನದಲ್ಲಿ ಹುಳ ಸಾಯ್ತದೆ" ಅಂದರು ಅಂಗಡಿಯವರು. ಹಾಗೇ ಮಾಡಿದೆ, ಅದೂ ನಡುಮಧ್ಯಾಹ್ನದ ಬಿಸಿಲಿಗೆ.

ಎಣ್ಣೆ ನೀರಲ್ಲಿ ಕರಗುವುದಿಲ್ಲ ಅಲ್ವಾ? ಕ್ಯಾನಿನಲ್ಲಿ ಅದು ಮೇಲೆ ತೇಲಿತು, ಪೈಪು ಎಳೆಯುವುದು ಅಡಿಯಿಂದ. ಮೊದಲ ಸಾಲುಗಳಿಗೆ ಬಿದ್ದದ್ದು ಬರೀ ನೀರು, ಕೊನೆಯ ಎರಡು ಸಾಲಿಗೆ ದಪ್ಪ ಎಣ್ಣೆ. ಮೂರನೇ ದಿನ ನೋಡಿದರೆ ಆ ಎರಡು ಸಾಲಿನ ಎಲೆ ಅಂಚಿನಿಂದ ಕರಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಉಳಿದ ಸಾಲುಗಳಲ್ಲಿ ದುಂಬಿ ಮೊದಲಿನ ಹಾಗೇ ತಿನ್ನುತ್ತಿತ್ತು. ತುಂಬಾ ಬೇಜಾರಾಯಿತು.

ಬಾಟಲಿ ಹಿಡಿದುಕೊಂಡು ಕೃಷಿ ಭವನಕ್ಕೆ ಹೋದೆ. ಅಲ್ಲಿ ಮೊದಲು ಕೇಳಿದ್ದೇ "ಪಿಪಿಎಂ ಎಷ್ಟು?" ಅಂತ. ಅಂದರೆ ಹತ್ತು ಲಕ್ಷ ಭಾಗದಲ್ಲಿ ಕೆಲಸ ಮಾಡುವ ಅಂಶ ಎಷ್ಟು ಭಾಗ ಇದೆ ಅನ್ನುವ ಲೆಕ್ಕ. ಲೇಬಲ್ಲಿನಲ್ಲಿ ಅದೇ ಇಲ್ಲ! ಹುಳಕ್ಕೆ ಎಲೆ ಬೇಡವಾಗುವ ಹಾಗೆ ಮಾಡುವುದು ಮುಖ್ಯವಾಗಿ ಬೇವಿನ ಬೀಜದ ಅಜಾಡಿರಾಕ್ಟಿನ್ ಅನ್ನುವ ಅಂಶ. ಎಣ್ಣೆ ತೆಗೆದ ರೀತಿ ಸರಿ ಇಲ್ಲದಿದ್ದರೆ, ಬಾಟಲಿ ಹಳೆಯದಾದರೆ ಅದು ಕಡಿಮೆಯಾಗುತ್ತದೆ. ಕೀಟಕ್ಕೆ ಅಂತಲೇ ಮಾರುವ ಬಾಟಲಿಯಲ್ಲಿ 300, 1500 ಅಥವಾ 10000 ಪಿಪಿಎಂ ಅಂತ ಬರೆದಿರುತ್ತದೆ. ಶೇಕಡಾ ಲೆಕ್ಕದಲ್ಲಿ 0.03, 0.15, 1. ಜೊತೆಗೆ ತಯಾರಾದ ತಾರೀಕೂ ನೋಡಿ.

ಮತ್ತೆ, ಇದು ಹೊಡೆದ ಕೂಡಲೇ ಕೊಲ್ಲುವ ವಿಷ ಅಲ್ಲ. ಹುಳ ತಿನ್ನುವುದನ್ನು ಬಿಡುತ್ತದೆ, ಮರಿಹುಳಕ್ಕೆ ಸರಿಯಾಗಿ ಪೊರೆ ಕಳಚಲು ಆಗುವುದಿಲ್ಲ, ಅಷ್ಟಕ್ಕೆ ದಿನ ಹಿಡಿಯುತ್ತದೆ. ಎರಡು ದಿನದ ಮಾತು ಹೇಳಿದವರನ್ನು ನಂಬಬೇಡಿ. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ, ಸಂಜೆಯೇ ಹೊಡೆಯಿರಿ.

ಈಗ ನಾನು ಲೀಟರ್ ನೀರಿಗೆ 20 ಮಿಲಿ ಎಣ್ಣೆ, ಜಜ್ಜಿ ಸೋಸಿದ 20 ಗ್ರಾಂ ಬೆಳ್ಳುಳ್ಳಿಯ ರಸ, 6 ಗ್ರಾಂ ಬಾರ್ ಸೋಪು ಸೇರಿಸುತ್ತೇನೆ. ಮೊದಲು ಸೋಪು ಕರಗಿಸಿ, ಅದಕ್ಕೆ ಎಣ್ಣೆ ಹಾಕಿ ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಕಲಕಬೇಕು. ಎರಡು ಗಿಡಕ್ಕೆ ಹೊಡೆದು, ಮೂರು ದಿನ ಕಾದು, ಎಲೆ ಸುಡದಿದ್ದರೆ ಮಾತ್ರ ಉಳಿದದ್ದಕ್ಕೆ.

ಸುಟ್ಟ ಸಾಲಿಗೆ ಮತ್ತೆ ಬೀಜ ಹಾಕಿದ್ದೇನೆ. ಬೆಳಿಗ್ಗೆ ತಂಪಿಗೆ ದುಂಬಿ ಬೇಗ ಹಾರುವುದಿಲ್ಲ, ಸದ್ಯ ಕೈಯಲ್ಲೇ ಹೆಕ್ಕಿ ಸೋಪು ನೀರಿಗೆ ಹಾಕುತ್ತಿದ್ದೇನೆ.